ಸಿ.ಡಿ. ಬರೆಯುವ ಯಂತ್ರ: ಅಗ್ಗದ್ದೋ, ಬೆಲೆಯುಳ್ಳದ್ದೋ?

ಸಿ.ಡಿ.ಯ ಕಾಲವೇ ಮುಗಿದಿರುವಾಗ ಈ ಲೇಖನವೇಕೆ ಎಂದು ಸಹಪಾಠಿಗಳು ನಗಬಹುದು. ಹೋದ ವರ್ಷದವರೆಗೆ ನಾನೂ ನಗುತ್ತಿದ್ದವನೇ. ನಮ್ಮ ಅಜ್ಜಿ ಬೀಸುವ ಕಲ್ಲಿನ ಹಾಡುಗಳನ್ನು ಬಹಳ ಬಲ್ಲವರಾಗಿದ್ದರು. ಸೋದರಮಾವ ಅವನ್ನು ಕ್ಯಾಸೆಟ್ಟಿನಲ್ಲಿ ಹಿಡಿದು, ೨೦೦೬ರಲ್ಲಿ ಒಂದು ಸಿ.ಡಿ.ಗೆ ಇಳಿಸಿದರು. ಕ್ಯಾಸೆಟ್ಟು ಎಲ್ಲಿಯೋ ಕಳೆಯಿತು, ಅಜ್ಜಿಯೂ ತೀರಿಕೊಂಡರು. ಹೋದ ವರ್ಷ ಅಮ್ಮ ಕೇಳಬೇಕೆಂದಾಗ ಆ ಸಿ.ಡಿ.ಯನ್ನು ಹಾಕಿದರೆ ನಾಲ್ಕನೆಯ ಹಾಡಿನಿಂದ ಮುಂದೆ ಬರೀ ಕರಕರ ಸದ್ದು. ಅದನ್ನು ಉಳಿಸಿಕೊಳ್ಳುವ ಪ್ರಯತ್ನದಲ್ಲಿ ನಾನು ಕಲಿತದ್ದನ್ನು ವಾಚಕರ ಮುಂದಿಡುತ್ತೇನೆ.

ಸಿ.ಡಿ. ಮಾರುಕಟ್ಟೆಗೆ ಬಂದದ್ದು ೧೯೮೨ರಲ್ಲಿ. ಅದನ್ನು ರೂಪಿಸಿದವು ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು. ಅಂಗಡಿಯಲ್ಲಿ ಕೊಳ್ಳುವ ಹಾಡಿನ ಸಿ.ಡಿ.ಯಲ್ಲಿ ಸಣ್ಣ ಗುಳಿಗಳನ್ನು ಅಚ್ಚೊತ್ತಿರುತ್ತಾರೆ. ನಾವು ಮನೆಯಲ್ಲಿ ಬರೆಯುವ ಸಿ.ಡಿ.ಯಲ್ಲಾದರೋ ಗುಳಿಯಿಲ್ಲ. ಅದರೊಳಗೆ ಒಂದು ತೆಳುವಾದ ಬಣ್ಣದ ಪದರವಿದೆ. ಲೇಸರ್ ಕಿರಣ ತಾಗಿದೆಡೆ ಆ ಬಣ್ಣ ಕಾಯ್ದು ಮಾರ್ಪಡುತ್ತದೆ. ಅಲ್ಲಿಂದ ಬೆಳಕು ಕಡಿಮೆ ಹಿಂದಿರುಗುತ್ತದೆ. ಓದುವ ಯಂತ್ರ ಈ ವ್ಯತ್ಯಾಸವನ್ನೇ ಅಕ್ಷರವೆಂದು ತಿಳಿಯುತ್ತದೆ. ಗೆರೆಯಿಂದ ಗೆರೆಗೆ ಇರುವ ಅಂತರ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ೧.೬ ಭಾಗ ಮಾತ್ರ. ಇಷ್ಟು ಸೂಕ್ಷ್ಮವಾದ ಕೆಲಸದಲ್ಲಿ ತಪ್ಪು ನುಸುಳದೆ ಇರಲಾರದು.

ಆದುದರಿಂದ ತಪ್ಪನ್ನು ತಿದ್ದುವ ಏರ್ಪಾಡನ್ನು ಮೊದಲೇ ಮಾಡಿದ್ದಾರೆ. ದತ್ತಾಂಶವನ್ನು ಒಂದೇ ಕಡೆ ಇಡದೆ ಹರಡಿ, ತಾಳೆ ನೋಡುವ ಅಂಕಿಗಳನ್ನು ಜೊತೆಗೆ ಸೇರಿಸುತ್ತಾರೆ. ಗೆರೆಯ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರು ಹಾಳಾದರೂ ಯಂತ್ರ ಅದನ್ನು ಪೂರ್ತಿಯಾಗಿ ತುಂಬಿಕೊಳ್ಳಬಲ್ಲದು. ಸಣ್ಣ ತಪ್ಪುಗಳು ಸೆಕೆಂಡಿಗೆ ೨೨೦ರ ಮಿತಿಯೊಳಗಿರಬೇಕೆಂದು ನಿಯಮವಿದೆ. ಇಲ್ಲಿಯೇ ಒಂದು ಮೋಸ ಅಡಗಿದೆ. ತಪ್ಪುಗಳು ಹೆಚ್ಚುತ್ತಾ ಹೋದರೂ ಯಂತ್ರ ತಿದ್ದಿಕೊಂಡೇ ಹಾಡುವುದರಿಂದ ನಮ್ಮ ಕಿವಿಗೆ ಏನೂ ತಿಳಿಯದು. ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ನಮ್ಮ ಮನೆಯಲ್ಲಿ ಆದದ್ದೂ ಇದೇ.

ಈಗ ಯಂತ್ರಗಳ ವಿಚಾರ. ಬೆಲೆಯುಳ್ಳ ಯಂತ್ರಗಳಲ್ಲಿ ೨೦೦೩ರಲ್ಲಿ ಬಂದ ಪ್ಲೆಕ್ಸ್‌ಟರ್ ಪ್ರೀಮಿಯಂ ಹೆಸರಾದದ್ದು. ಬರೆದಾದ ಮೇಲೆ ತಪ್ಪುಗಳೆಷ್ಟು ಎಂದು ಎಣಿಸಿ ತೋರಿಸುವುದು ಅದರ ದೊಡ್ಡ ಗುಣ. ಹಾಳಾದ ಸಿ.ಡಿ.ಗಳನ್ನು ಓದುವುದರಲ್ಲಿಯೂ ಗಟ್ಟಿಗ. ಆದರೆ ಈಗ ಅದರ ತಯಾರಿಕೆ ನಿಂತುಹೋಗಿದೆ. ದೊರೆತರೆ ಬಳಸಿದ ಯಂತ್ರವೇ ದೊರೆಯಬೇಕು. ಹಳೆಯದಾದಂತೆ ಲೇಸರಿನ ಬಲ ಕುಂದುತ್ತದೆ. ಯಂತ್ರದೊಳಗೆ ಕೂರಿಸುವ ಮಾದರಿಯಾದರೆ ಅದರ ಅಗಲ ಪಟ್ಟಿಯ ತಂತಿಗೆ ಇಂದಿನ ಕಂಪ್ಯೂಟರಿನಲ್ಲಿ ಜಾಗವೂ ಇರುವುದಿಲ್ಲ. ಅಗ್ಗದ ಯಂತ್ರವಾದರೋ ಹೊಸದಾಗಿಯೇ ದೊರೆಯುತ್ತದೆ, ಯು.ಎಸ್.ಬಿ. ತಂತಿ ಸಿಕ್ಕಿಸಿದರೆ ಸಾಕು. ಹಿಂದೆ ಬರೆಯುವ ನಡುವೆ ದತ್ತಾಂಶ ಬರುವುದು ತಡವಾದರೆ ಸಿ.ಡಿ. ಕೆಟ್ಟೇಹೋಗುತ್ತಿತ್ತು. ೨೦೦೦ದ ಸುಮಾರಿಗೆ ಇದಕ್ಕೆ ಪರಿಹಾರ ಬಂದಿತು. ಆಗ ಬೆಲೆಯುಳ್ಳ ಯಂತ್ರಗಳ ಹೆಮ್ಮೆಯಾಗಿದ್ದ ಆ ಸೌಕರ್ಯ ಈಗ ಅಗ್ಗದ್ದರಲ್ಲಿಯೂ ಇದೆ.

ನಮ್ಮ ಗ್ರಂಥಪಾಲಕರ ಬಳಿ ಬೆಲೆಯುಳ್ಳ ಹಳೆಯ ಯಂತ್ರವೊಂದಿತ್ತು. ಅಜ್ಜಿಯ ಸಿ.ಡಿ.ಯನ್ನು ಅದರಲ್ಲಿಟ್ಟೆವು. ಎರಡು ಗಂಟೆ ತಿಣುಕಿ, ಕೊನೆಯ ಹಾಡೊಂದನ್ನು ಬಿಟ್ಟು ಉಳಿದುದನ್ನೆಲ್ಲ ಅದು ಓದಿತು. ಆಗ ನನಗೆ, ಎಷ್ಟು ಹಣವಾದರೂ ಸರಿ, ಅಂಥದೇ ಯಂತ್ರ ಕೊಳ್ಳಬೇಕೆನಿಸಿತು. ಗ್ರಂಥಪಾಲಕರು ತಡೆದು, “ಮೊದಲು ಬರೆದು ನೋಡಿರಿ, ಆಮೇಲೆ ಕೊಳ್ಳಿರಿ” ಎಂದರು. ಒಂದೇ ಕಟ್ಟಿನ ಸಿ.ಡಿ.ಗಳನ್ನು ಎರಡು ಯಂತ್ರಗಳಲ್ಲಿಯೂ ಬರೆದು ತಪ್ಪುಗಳನ್ನು ಎಣಿಸಿದೆವು. ಯಂತ್ರ ಯಂತ್ರಕ್ಕೆ ಅಂತರ ಅಲ್ಪ, ಒಳ್ಳೆಯ ಸಿ.ಡಿ.ಗೂ ಕಳಪೆ ಸಿ.ಡಿ.ಗೂ ಅಂತರ ಬಹಳ. ವೇಗದ್ದೂ ಹಾಗೆಯೇ. ೫೨ರ ವೇಗದಲ್ಲಿ ಸಿ.ಡಿ. ನಿಮಿಷಕ್ಕೆ ಹತ್ತು ಸಾವಿರ ಸುತ್ತಿನಷ್ಟು ತಿರುಗುವುದರಿಂದ ಅಂಚಿನಲ್ಲಿ ತಪ್ಪು ಹೆಚ್ಚಿತು. ಹಾಗೆಂದು ತೀರ ನಿಧಾನವೂ ಸಲ್ಲದು, ಇಂದಿನ ಸಿ.ಡಿ.ಗಳ ಬಣ್ಣವನ್ನು ವೇಗಕ್ಕೆಂದೇ ಹದಮಾಡಿರುತ್ತಾರೆ. ೧೬ರಿಂದ ೨೪ರ ವೇಗ ನಮಗೆ ಹಿತವಾಗಿ ಕಂಡಿತು.

ಮಾವನ ಸಿ.ಡಿ.ಯ ತಪ್ಪೂ ಆಗ ಹೊಳೆಯಿತು. ಅದರ ಮೇಲ್ಮೈಯಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಹಾಡುಗಳ ಪಟ್ಟಿ ಬರೆದಿದ್ದರು. ಹೊಳೆಯುವ ಪದರವಿರುವುದು ಆ ಮೇಲ್ಮೈಗೆ ತೀರ ಹತ್ತಿರ. ಅದನ್ನು ಕಾಯುವುದು ತೆಳ್ಳನೆಯ ಮೆರುಗೆಣ್ಣೆಯಷ್ಟೇ. ಸಾಲದ್ದಕ್ಕೆ ವರ್ಷಗಟ್ಟಲೆ ಕಿಟಕಿಯ ಬಿಸಿಲು ಬಿದ್ದಿತ್ತು; ಬಿಸಿಲಿಗೆ ಬಣ್ಣ ಮಾಸುತ್ತದೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ನೂರಾರು ಹಳೆಯ ಸಿ.ಡಿ.ಗಳನ್ನು ಓದಿ ಪರೀಕ್ಷಿಸಬೇಕಾದ ಗ್ರಂಥಾಲಯಕ್ಕೆ ಬೆಲೆಯುಳ್ಳ ಯಂತ್ರವೊಂದು ಅಗತ್ಯ. ಹತ್ತಿಪ್ಪತ್ತು ಸಿ.ಡಿ. ಬರೆಯುವ ವಿದ್ಯಾರ್ಥಿಗೆ ಅಗ್ಗದ್ದೇ ಸಾಕು. ಆದರೆ ಉಳಿದ ಹಣವನ್ನು ಒಳ್ಳೆಯ ಸಿ.ಡಿ.ಗಳಿಗೆ ಹಾಕತಕ್ಕದ್ದು. ಬರೆದೊಡನೆ ಮೂಲದೊಂದಿಗೆ ತಾಳೆ ನೋಡಬೇಕು. ಎರಡು ಪ್ರತಿ ಮಾಡಿ ಎರಡು ಮನೆಗಳಲ್ಲಿಡಬೇಕು. ಹಾರ್ಡ್ ಡಿಸ್ಕಿನಲ್ಲಿಯೂ ಒಂದಿರಲಿ. ವರ್ಷಕ್ಕೊಮ್ಮೆ ತೆಗೆದು ನೋಡಬೇಕು. ಹಾರ್ಡ್ ಡಿಸ್ಕೇ ಸಾಲದೆ ಎಂದರೆ, ಅದರಲ್ಲಿರುವುದನ್ನು ಕೈತಪ್ಪಿ ಅಳಿಸಬಹುದು. ಒಮ್ಮೆ ಬರೆದು ಮುಗಿಸಿದ ಸಿ.ಡಿ.ಯನ್ನು ಹಾಗೆ ಅಳಿಸಲಾಗದು.

ನಾನು ಅಗ್ಗದ್ದನ್ನೇ ಕೊಂಡೆ. ಒಂದು ಪ್ರತಿ ನಮ್ಮ ಮನೆಯಲ್ಲಿ, ಒಂದು ಮಾವನ ಮನೆಯಲ್ಲಿ ಇದೆ. ಓದಲಾಗದೆ ಹೋದ ಆ ಕೊನೆಯ ಹಾಡನ್ನು ಅಮ್ಮನಿಗೆ ನೆನಪಿದ್ದಷ್ಟು ಹಾಡಿಸಿ ಅದೇ ಸ್ಥಳದಲ್ಲಿ ಸೇರಿಸಿದ್ದೇನೆ. ಎರಡು ನುಡಿ ಮಾತ್ರ ಅವರಿಗೆ ನೆನಪಿತ್ತು. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಇಂಥ ಸಿ.ಡಿ.ಯಿದ್ದರೆ ಈ ರಜೆಯಲ್ಲಿಯೇ ಒಮ್ಮೆ ಹಾಕಿ ನೋಡಿರೆಂದು ಮಿತ್ರರಲ್ಲಿ ನನ್ನ ವಿನಂತಿ.