ಪಿನಾಕಿನಿಯ ಜಾಡು ಹಿಡಿದು ಮೂರು ದಿನ

ಸದಸ್ಯ ಬಾಂಧವರಿಗೆಲ್ಲ ನೆನಪಿರಬಹುದು. 2024ರ ಸೆಪ್ಟೆಂಬರ್ 6ರ ಗೌರಿ ಹಬ್ಬದಂದು ಸಕಲೇಶಪುರ ತಾಲ್ಲೂಕಿನಲ್ಲಿ ಎತ್ತಿನಹೊಳೆ ಯೋಜನೆಯ ಮೊದಲ ಹಂತದ ಪಂಪುಗಳು ಚಾಲೂ ಆದವು. ಪಡುವಣಕ್ಕೆ ಹರಿದು ನೇತ್ರಾವತಿ ಸೇರುವ ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿ ಹೊಳೆ, ಹೊಂಗಡಹಳ್ಳಗಳಿಂದ 24 ಟಿ.ಎಂ.ಸಿ. ನೀರನ್ನು ಎತ್ತಿ ಮೂಡಣದ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಜಿಲ್ಲೆಗಳಿಗೆ ಕೊಡುವುದು ಆ ಯೋಜನೆಯ ಉದ್ದೇಶ. ಅದರಲ್ಲಿ ಸುಮಾರು 14 ಟಿ.ಎಂ.ಸಿ. ಕುಡಿಯುವುದಕ್ಕೆ, ಉಳಿದದ್ದು 527 ಕೆರೆಗಳನ್ನು ತುಂಬುವುದಕ್ಕೆ.

ಈ ಯೋಜನೆಯ ಬಗ್ಗೆ ನಮ್ಮ ಕಡೆ ಒಳ್ಳೆಯ ಮಾತು ಕಡಿಮೆ. "ಬೇಸಿಗೆಯಲ್ಲಿ ನಮ್ಮ ಹಳ್ಳಗಳೇ ಒಣಗುತ್ತವೆ, ಇನ್ನು ಅವರಿಗೆಲ್ಲಿಂದ ಕೊಡೋದು?" ಎಂಬುದು ಕಣದಲ್ಲಿ ಕಾಫಿ ಹರಡುವವರೆಲ್ಲರ ಮಾತು. ನಾನೂ ಹಾಗೇ ಹೇಳುತ್ತಿದ್ದವನು. ಒಂದು ದಿನ ಮಗಳು ಕೇಳಿದಳು: "ಅಪ್ಪಾ, ಆ ಊರನ್ನ ನೀವು ನೋಡಿದ್ದೀರಾ?" ನೋಡಿರಲಿಲ್ಲ.

2025ರ ಜನವರಿಯಲ್ಲಿ, ಅರೇಬಿಕಾ ಕೊಯ್ಲು ಮುಗಿದು ರೋಬಸ್ಟಾ ಕೊಯ್ಲಿಗೆ ಇನ್ನೂ ಒಂದು ವಾರ ಇದ್ದಾಗ, ನಾವು ಏಳು ಮಂದಿ ಬೆಳೆಗಾರರು ಹೊರಟೆವು. ಬಸ್ಸಿನಲ್ಲಿ ಕುಳಿತರೆ ಊರು ಕಾಣುವುದಿಲ್ಲ, ನಡೆದರೆ ದಿನ ಸಾಲುವುದಿಲ್ಲ, ಹಾಗಾಗಿ ಸೈಕಲ್ಲು. ಗೌರಿಬಿದನೂರಿನ ನಿವೃತ್ತ ಮೇಷ್ಟ್ರೊಬ್ಬರು ದಾರಿ ತೋರಿಸಲು ಒಪ್ಪಿದರು. ಅರವತ್ತೈದು ದಾಟಿದ ಅವರು ಮೂರು ದಿನವೂ ನಮಗಿಂತ ಮುಂದೆಯೇ ಇದ್ದರು. ಅವರ ಯೋಜನೆ ಸರಳ: ಉತ್ತರ ಪಿನಾಕಿನಿಯ ಹರಿವಿಗೆ ಎದುರಾಗಿ ಹೋಗುವುದು. ವಿದುರಾಶ್ವತ್ಥದಲ್ಲಿ ಹೊರಟು, ಹೊಳೆ ಹುಟ್ಟುವ ನಂದಿಬೆಟ್ಟದ ಸಾಲು ಹತ್ತಿ, ಕೊನೆಗೆ ಚಿಕ್ಕಬಳ್ಳಾಪುರದ ಮಾರುಕಟ್ಟೆಯಲ್ಲಿ ಇಳಿಯುವುದು.

ನೀರಿಲ್ಲದ ಹೊಳೆದಂಡೆ

ಗೌರಿಬಿದನೂರಿನಿಂದ ವಿದುರಾಶ್ವತ್ಥಕ್ಕೆ ಆರೇಳು ಕಿ.ಮೀ. ಬೆಳಗಿನ ಚಳಿಯಲ್ಲಿ, ಮುಸುಕಿನ ಜೋಳದ ಹೊಲಗಳ ನಡುವೆ, ಸಮತಟ್ಟಾದ ದಾರಿ. ನಮ್ಮ ಏರುತಗ್ಗಿನ ಕಾಲುಗಳಿಗೆ ಅದು ಹಬ್ಬದಂತಿತ್ತು. ಮಹಾಭಾರತದ ವಿದುರ ನೆಟ್ಟದ್ದೆಂದು ಜನ ನಂಬಿದ ಅಶ್ವತ್ಥ ಮರ ಅಲ್ಲಿತ್ತು. ಆ ಹಳೆಯ ಮರ 2001ರಲ್ಲಿ ಉರುಳಿತು. ಸುತ್ತಲೂ ಸಾಲು ಸಾಲಾಗಿ ನಿಂತ ನಾಗರಕಲ್ಲುಗಳು ಮಾತ್ರ ಇವೆ. ಸಂತಾನಕ್ಕಾಗಿ ಹರಕೆ ಹೊತ್ತವರು ತಲೆಮಾರುಗಳಿಂದ ತಂದು ನಿಲ್ಲಿಸಿದ ಕಲ್ಲುಗಳು ಅವು.

ಪಕ್ಕದಲ್ಲೇ ವೀರಸೌಧ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆಂದು ಇಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರೆಂಬುದು ಈ ಸೀಮೆಯ ಜನರ ಲೆಕ್ಕ. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಅದನ್ನು ಕರೆಯುತ್ತಾರೆ. ನಾವು ಟೋಪಿ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು.

ಆಮೇಲೆ "ಹೊಳೆ ಎಲ್ಲಿ ಮೇಷ್ಟ್ರೇ?" ಎಂದು ನಮ್ಮಲ್ಲೊಬ್ಬರು ಕೇಳಿದರು. "ಅದರೊಳಗೇ ನಿಂತಿದ್ದೀರಲ್ಲ" ಎಂದರು ಅವರು.

ಕೆಳಗೆ ನೋಡಿದರೆ ಮಣ್ಣು, ಅಲ್ಲಲ್ಲಿ ಹಿಡಿಯಷ್ಟು ಮರಳು, ದಟ್ಟವಾಗಿ ಬೆಳೆದ ಬಳ್ಳಾರಿ ಜಾಲಿ. ಸುಮಾರು 600 ಕಿ.ಮೀ. ಹರಿದು ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಸಮುದ್ರ ಸೇರುವ ನದಿ ಇದು. ಕೆಳಗಿನವರು ಪೆನ್ನಾ ಎನ್ನುತ್ತಾರೆ. ಮೇಷ್ಟ್ರು ಹುಡುಗರಾಗಿದ್ದಾಗ ಬೇಸಿಗೆಯಲ್ಲೂ ಹೊಳೆಯ ಮರಳಿನಲ್ಲಿ ಮೊಣಕೈಯಷ್ಟು ತೋಡಿದರೆ ನೀರು ಬರುತ್ತಿತ್ತಂತೆ. ಅಂಥ ಒರತೆಗಳಿಗೆ ಇಲ್ಲಿ ತಲಪರಿಗೆ ಎಂಬ ಹೆಸರು. ಊರವರು ವರ್ಷಕ್ಕೊಮ್ಮೆ ಕೂಡಿ ಅದರ ಹೂಳು ತೆಗೆದು ಗದ್ದೆಗೆ ನೀರು ಹಾಯಿಸುತ್ತಿದ್ದರು. ಮರಳು ಲಾರಿ ಹತ್ತಿ ಪಟ್ಟಣಕ್ಕೆ ಹೋಯಿತು. ಮರಳು ಹೋದ ಮೇಲೆ ನೀರನ್ನು ಹಿಡಿದಿಡಲು ಏನೂ ಉಳಿಯಲಿಲ್ಲ. "2021ರ ನವೆಂಬರಿನಲ್ಲಿ ಭಾರಿ ಮಳೆಗೆ ಹೊಳೆ ತುಂಬಿ ಬಂತು. ನಮ್ಮ ಮೊಮ್ಮಕ್ಕಳು ಅದನ್ನ ನೋಡೋಕೆ ಜಾತ್ರೆಗೆ ಹೋದ ಹಾಗೆ ಹೋದರು" ಎಂದರು ಮೇಷ್ಟ್ರು.

ಇಂಚಿನ ಲೆಕ್ಕ, ಅಡಿಯ ಲೆಕ್ಕ

ಗೌರಿಬಿದನೂರಿಗೆ ಮರಳಿ ತಿಂಡಿ ತಿಂದು ಮಂಚೇನಹಳ್ಳಿಯ ದಾರಿ ಹಿಡಿದೆವು. ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಒಟ್ಟು ಮೂವತ್ತೈದು, ನಲವತ್ತು ಕಿ.ಮೀ. ಆಗುತ್ತದೆ. ಹೊತ್ತೇರಿದಂತೆ ಬಿಸಿಲು ಬೆನ್ನು ಸುಟ್ಟಿತು. ಎರಡು ಕಡೆ ಕುಳಿತು ದಣಿವಾರಿಸಿಕೊಂಡೆವು.

ಹಾದಿಯಲ್ಲಿ ಒಂದು ಹೊಸ ಅಡಿಕೆ ತೋಟ ಕಂಡಿತು. ಅಡಿಕೆ ಕಂಡರೆ ನಾವು ನಿಲ್ಲದೆ ಇರುತ್ತೇವೆಯೇ? ಮೂರು ವರ್ಷದ ಗಿಡಗಳು, ಬುಡಬುಡಕ್ಕೂ ಡ್ರಿಪ್ ಪೈಪು. ಯಜಮಾನರು ಮನೆಯಲ್ಲಿ ತೆಲುಗು, ನಮ್ಮೊಡನೆ ಕನ್ನಡ ಆಡುವವರು. ಎಳನೀರು ಕೊಟ್ಟು ಮಾತಿಗೆ ಕುಳಿತರು.

"ನಿಮ್ಮ ಕಡೆ ಮಳೆ ಎಷ್ಟು ಸ್ವಾಮಿ?" ಎಂದು ಕೇಳಿದರು. ನಾವು ಕಾಫಿಯವರು, ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುವವರು. ಸಾಧಾರಣ ವರ್ಷದಲ್ಲಿ ನನ್ನ ತೋಟಕ್ಕೆ ಎಂಬತ್ತು, ತೊಂಬತ್ತು ಇಂಚು ಎಂದೆ. ಅವರು ನಕ್ಕರು. "ನಮಗೆ ಇಪ್ಪತ್ತೈದರಿಂದ ಮೂವತ್ತು. ನಾವು ಇಂಚು ಲೆಕ್ಕ ಹಾಕೋದಿಲ್ಲ, ಅಡಿ ಲೆಕ್ಕ ಹಾಕ್ತೀವಿ. ಮೊದಲನೇ ಬೋರು ಏಳುನೂರು ಅಡಿ, ಎರಡನೇದು ಸಾವಿರದ ನೂರು. ಮೂರನೇದರಲ್ಲಿ ಧೂಳು ಬಂತು."

ಮರದ ನೆರಳಿನಲ್ಲಿ ಕಾಗದ ತೆಗೆದು ಲೆಕ್ಕ ಹಾಕಿದೆವು. ಒಂಬತ್ತಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಅಡಿಕೆ ಮರ. ಡ್ರಿಪ್ಪಿನಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರು ಕೊಡಬೇಕೆಂಬುದು ವಿಜ್ಞಾನಿಗಳ ಶಿಫಾರಸು. ಇಪ್ಪತ್ತರಂತೆ ಹಿಡಿದರೆ ಎಕರೆಗೆ ದಿನಕ್ಕೆ 10,800 ಲೀಟರು, ಅಂದರೆ ಸುಮಾರು ಎರಡು ಟ್ಯಾಂಕರ್ ನೀರು. ಬೇಸಿಗೆಯ 150 ದಿನಕ್ಕೆ ಹದಿನಾರು ಲಕ್ಷ ಲೀಟರು. ಒಂದು ಎಕರೆಯ ಮೇಲೆ ಒಂದಿಂಚು ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರು ನೀರಾಗುತ್ತದೆ. ಅಂದಮೇಲೆ ಒಂದು ಎಕರೆ ಅಡಿಕೆ ಒಂದು ಬೇಸಿಗೆಗೆ ಕುಡಿಯುವುದು ಹದಿನಾರು ಇಂಚು ಮಳೆಯನ್ನು.

ಅವರಿಗೆ ವರ್ಷಕ್ಕೆ ಬೀಳುವುದರಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ನಮಗೆ ಬೀಳುವುದರಲ್ಲಿ ಐದನೆಯ ಒಂದು ಪಾಲು. "ಹಾಗಾದ್ರೆ ನೀವು ಬೋರು ಕೊರೆಸೋದೇ ಬೇಡ ಅಲ್ವಾ?" ಎಂದು ಆ ಯಜಮಾನರು ಮುಗ್ಧವಾಗಿಯೇ ಕೇಳಿದರು.

ನಾನು ತಲೆ ತಗ್ಗಿಸಿದೆ. ಹಿಂದಿನ ಬೇಸಿಗೆಯಲ್ಲಷ್ಟೇ ನನ್ನ ತೋಟದಲ್ಲಿ 480 ಅಡಿ ಬೋರು ಕೊರೆಸಿದ್ದೆ. ಅದಕ್ಕೆ ಇನ್ನೂರು ಗಜ ದೂರದಲ್ಲಿ ಅಜ್ಜ ಕಟ್ಟಿಸಿದ ಕೆರೆ ಹೂಳು ತುಂಬಿ ಬಿದ್ದಿದೆ.

ನದಿಗಳ ತವರಿನಲ್ಲಿ

ಆ ರಾತ್ರಿ ನಂದಿ ಗ್ರಾಮದಲ್ಲಿ ಉಳಿದು, ಬೆಳಿಗ್ಗೆ ಭೋಗನಂದೀಶ್ವರನ ದರ್ಶನ ಮಾಡಿಕೊಂಡು ಬೆಟ್ಟಕ್ಕೆ ಹೊರಟೆವು. 1478 ಮೀಟರ್ ಎತ್ತರದ ನಂದಿಬೆಟ್ಟದ ದಾರಿ ಬೆಂಗಳೂರಿನ ಸೈಕಲ್ ಸವಾರರಿಗೆ ಪರೀಕ್ಷೆಯ ಕಣವಿದ್ದಂತೆ. ಬಣ್ಣಬಣ್ಣದ ಅಂಗಿಯ ಹುಡುಗ ಹುಡುಗಿಯರು ನಮ್ಮನ್ನು ಹಿಂದೆ ಹಾಕಿ "ಅಂಕಲ್, ಬನ್ನಿ ಬನ್ನಿ" ಎಂದು ಹುರಿದುಂಬಿಸಿ ಹೋದರು. ಸುಳ್ಳು ಹೇಳುವುದಿಲ್ಲ, ತಿರುವುಗಳು ಕಡಿದಾದ ಮೇಲೆ ನಮ್ಮಲ್ಲಿ ಐವರು ಸೈಕಲ್ಲನ್ನು ತಳ್ಳಿಕೊಂಡೇ ಹತ್ತಿದೆವು.

ಮೇಲೆ ಯೋಗನಂದೀಶ್ವರನ ಗುಡಿ, ಟಿಪ್ಪುವಿನ ಬೇಸಿಗೆ ಮನೆ, 1791ರಲ್ಲಿ ಬ್ರಿಟಿಷರು ಹಿಡಿದ ಕೋಟೆ. ಇವನ್ನೆಲ್ಲ ನೀವು ಶಾಲೆಯ ಪ್ರವಾಸದಲ್ಲಿ ನೋಡಿರುತ್ತೀರಿ. ಮೇಷ್ಟ್ರು ನಮ್ಮನ್ನು ಕರೆದೊಯ್ದದ್ದು ಬಂಡೆಯ ಅಂಚಿಗೆ. ಈ ಬೆಟ್ಟಸಾಲಿನ ಆಸುಪಾಸಿನಲ್ಲಿ ಹುಟ್ಟುವ ನದಿಗಳನ್ನು ಕೈ ತೋರಿಸುತ್ತ ಎಣಿಸಿದರು: ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ. ಐದು ನದಿಗಳ ತವರು. ಕೆಳಗೆ ಕಣ್ಣು ಹಾಯಿಸಿದರೆ ಕೆರೆಗಳ ಕಟ್ಟೆಗಳು ಕಾಣುತ್ತವೆ, ಬೆಳ್ಳಗೆ ಕೊರೆದ ಕಲ್ಲುಗಣಿಗಳು ಕಾಣುತ್ತವೆ. ಹರಿಯುವ ಒಂದು ಹೊಳೆ ಕಾಣುವುದಿಲ್ಲ.

ಅರ್ಕಾವತಿಯ ಕತೆಯನ್ನು ಮೇಷ್ಟ್ರು ವಿವರವಾಗಿ ಹೇಳಿದರು. ಬೆಂಗಳೂರಿಗೆ 1896ರಿಂದ ಹೆಸರಘಟ್ಟದ ನೀರು, 1933ರಿಂದ ತಿಪ್ಪಗೊಂಡನಹಳ್ಳಿಯ ನೀರು. ಎರಡೂ ಅರ್ಕಾವತಿಯವೇ. ಒಳಹರಿವು ಸೊರಗಿದ ಮೇಲೆ ಪಟ್ಟಣ ಕಾವೇರಿಯತ್ತ ತಿರುಗಿತು. ಈಗ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಬಚ್ಚಲ ನೀರನ್ನು ಶುದ್ಧೀಕರಿಸಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ತುಂಬುತ್ತಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕೆಂದು ಇಲ್ಲಿನ ರೈತರು ಹೋರಾಡುತ್ತಲೇ ಬಂದಿದ್ದಾರೆ. ಬೆಟ್ಟದಿಂದ ತಿಳಿನೀರು ಹೋಯಿತು, ಬೆಟ್ಟದ ಬುಡಕ್ಕೆ ಬಚ್ಚಲ ನೀರು ಬಂತು.

ದೇಶಕ್ಕೆ ನೀಲಗಿರಿ ಮರ ಮೊದಲು ಬಂದದ್ದು ಸುಮಾರು 1790ರಲ್ಲಿ, ಈ ಬೆಟ್ಟದ ಮೇಲಿನ ಟಿಪ್ಪುವಿನ ತೋಟಕ್ಕೇ ಎನ್ನುತ್ತಾರೆ. ಮುಂದೆ ಈ ಸೀಮೆಯ ಒಣಭೂಮಿಯನ್ನೆಲ್ಲ ಅದು ಆವರಿಸಿತು. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. "ಯಾರೋ ಒಬ್ಬರು ಮಾಡಿದ ತಪ್ಪಲ್ಲ ಇದು. ಮರಳು, ನೀಲಗಿರಿ, ಬೋರು, ಕೆರೆ ಒತ್ತುವರಿ, ಎಲ್ಲರೂ ಒಂದೊಂದು ಕೈ ಹಾಕಿದೆವು" ಎಂದರು ಮೇಷ್ಟ್ರು.

ನಸುಕಿನ ಮಾರುಕಟ್ಟೆ

ಮೂರನೆಯ ದಿನ ಕೋಳಿ ಕೂಗುವ ಮೊದಲೇ ಚಿಕ್ಕಬಳ್ಳಾಪುರದ ಮಾರುಕಟ್ಟೆಯಲ್ಲಿದ್ದೆವು. ಇಷ್ಟು ಬರದ ನಾಡಿನಲ್ಲಿ ಇಷ್ಟು ಹಸಿರು ಎಲ್ಲಿಂದ ಬಂತೆಂದು ಬೆರಗಾಯಿತು. ಅವರೆಕಾಯಿಯ ಸುಗ್ಗಿ; ಸೊಗಡಿನ ವಾಸನೆ ಬೀದಿಗೇ ಹರಡಿತ್ತು. ಟೊಮೆಟೊ ಕ್ರೇಟುಗಳು, ಬೀಟ್‌ರೂಟು, ಹುರುಳಿಕಾಯಿ, ಕೊತ್ತಂಬರಿ ಕಟ್ಟು, ಸೇವಂತಿಗೆ ರಾಶಿ, ಈ ಸೀಮೆಯ ಹೆಮ್ಮೆಯಾದ ದ್ರಾಕ್ಷಿ. ಹರಾಜು ಕೂಗುವವನ ಬಾಯಲ್ಲಿ ತೆಲುಗು, ಕನ್ನಡ ಕಲೆಸಿ ಓಡುತ್ತಿದ್ದವು. ಒಂದು ರಾಶಿಯ ಭವಿಷ್ಯ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ರೈತನ ಕೈಗೆ ಒಂದು ಚೀಟಿ.

ಟೊಮೆಟೊ ತಂದಿದ್ದ ಯುವಕನೊಬ್ಬನನ್ನು ಮಾತಾಡಿಸಿದೆ. ಎರಡೆಕರೆ ಜಮೀನು. ಬೋರಿನ ನೀರನ್ನು ಪ್ಲಾಸ್ಟಿಕ್ ಹೊದಿಸಿದ ಕೃಷಿಹೊಂಡದಲ್ಲಿ ತುಂಬಿ, ಮಳೆ ನೀರನ್ನೂ ಅದಕ್ಕೇ ಹಾಯಿಸಿ, ಗಿಡದ ಬುಡಕ್ಕೆ ಹೊದಿಕೆ ಹಾಸಿ ಬೆಳೆಯುತ್ತಾನೆ. ಯಾವ ದಿನ ಎಷ್ಟು ಗಂಟೆ ಮೋಟಾರು ಓಡಿತೆಂದು ಅವನ ಪುಸ್ತಕದಲ್ಲಿ ಬರೆದಿದೆ. ಅಂದಿನ ಹರಾಜಿನಲ್ಲಿ ಅವನಿಗೆ ಸಿಕ್ಕಿದ್ದು ಕೂಲಿ, ಬಾಡಿಗೆಗೆ ಸರಿಹೋಯಿತು.

"ಒಪ್ಪದಿದ್ದರೆ?" ಎಂದೆ.

"ವಾಪಸ್ ತಗೊಂಡು ಹೋಗಿ ಏನು ಮಾಡಲಿ ಸಾರ್? ಟೊಮೆಟೊ ಕಾಯೋದಿಲ್ಲ. ನಿಮ್ಮ ಕಾಫಿ, ಅಡಿಕೆ ಗೋದಾಮಿನಲ್ಲಿ ಮಲಗುತ್ತೆ. ನೀವು ಪುಣ್ಯವಂತರು."

ಆ ಪುಣ್ಯ ತಾನಾಗಿ ಬಂದದ್ದಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ಅಡಿಕೆ ಧಾರಣೆ ನೆಲಕಚ್ಚಿದಾಗ ಬೆಳೆಗಾರರು ಒಟ್ಟಾಗಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿಕೊಂಡರು. ಮಾಲು ಇಟ್ಟು ಕಾಯುವ ಶಕ್ತಿ ನಮಗೆ ಸಹಕಾರದಿಂದ ಬಂತು. ಧಾರಣೆಯ ವಿಷಯದಲ್ಲಿ ನಾವು ಅಂದು ಕಲಿತ ಪಾಠವನ್ನು ನೀರಿನ ವಿಷಯದಲ್ಲಿ ಇನ್ನೂ ಕಲಿತಿಲ್ಲ. ನೀರಿನಲ್ಲಿ ಈಗಲೂ ಪ್ರತಿಯೊಬ್ಬನೂ ಒಂಟಿ ವ್ಯಾಪಾರಿ. ನೆರೆಯವನಿಗಿಂತ ನೂರಡಿ ಹೆಚ್ಚು ಕೊರೆಸಿದವನೇ ಜಾಣ.

ಮಾರುಕಟ್ಟೆಯ ಹೊರಗಿನ ಹೋಟೆಲಿನಲ್ಲಿ ಬಿಸಿ ರಾಗಿಮುದ್ದೆ, ಹಿತಕಿದ ಬೇಳೆ ಸಾರು. ಮುದ್ದೆಯನ್ನು ಅಗಿಯಲು ಹೊರಟ ನಮಗೆ ನುಂಗುವುದನ್ನು ಮೇಷ್ಟ್ರು ಕಲಿಸಿಕೊಟ್ಟರು. ಹೊರಡುವಾಗ ತಲಾ ಐದು ಕಿಲೋ ಅವರೆಕಾಯಿ ಕಟ್ಟಿಸಿಕೊಂಡೆವು.

ನಮಗಿದರಿಂದ ಏನು?

ಎತ್ತಿನಹೊಳೆಯ ಬಗ್ಗೆ ನನ್ನ ಸಂದೇಹಗಳು ಹೋಗಿಲ್ಲ. ಮಳೆಗಾಲದ ನಾಲ್ಕು ತಿಂಗಳ ಹಳ್ಳಗಳಲ್ಲಿ ಅಷ್ಟು ನೀರು ಸಿಕ್ಕೀತೆ ಎಂಬ ಪ್ರಶ್ನೆ ಹಾಗೇ ಇದೆ. ನಾವು ಹೋದಾಗ ಅಲ್ಲಿಗೆ ಆ ನೀರು ತಲುಪಿರಲಿಲ್ಲ. ಆದರೆ "ಅವರಿಗೇಕೆ ಕೊಡಬೇಕು" ಎಂಬ ಮಾತನ್ನು ನಾನಿನ್ನು ಆಡಲಾರೆ. ಅವರ ಬಾಯಾರಿಕೆ ಸುಳ್ಳಲ್ಲ. ಅವರು ಸೋಮಾರಿಗಳೂ ಅಲ್ಲ. ಚಮಚದಲ್ಲಿ ಅಳೆದು ನೀರು ಬಳಸುವವರು.

ನನ್ನನ್ನು ಕಾಡುವುದು ಬೇರೆ. ನದಿಗಳ ತವರಿನಲ್ಲಿ ಹುಟ್ಟಿದ ಮಾತ್ರಕ್ಕೆ ನೀರು ಉಳಿಯುವುದಿಲ್ಲ ಎಂಬುದನ್ನು ನಂದಿಬೆಟ್ಟ ಕಣ್ಣಿಗೆ ತೋರಿಸಿತು. ನಾವೂ ನದಿಗಳ ತವರಿನವರೇ. ತೊಂಬತ್ತು ಇಂಚು ಸುರಿದರೂ ಮಾರ್ಚಿಯಲ್ಲಿ ಹೂಮಳೆ ತಡವಾದರೆ ಸ್ಪ್ರಿಂಕ್ಲರಿಗೆ ನೀರಿಲ್ಲವೆಂದು ಬೋರಿನ ಲಾರಿಗೆ ಫೋನು ಮಾಡುತ್ತೇವೆ. ಗೌರಿಬಿದನೂರಿನ ಮೊದಲ ಬೋರು ಕೂಡ ಹೀಗೇ ಯಾರೋ ಅವಸರದಲ್ಲಿ ಕೊರೆಸಿದ್ದಿರಬೇಕು.

ಬಂದವನೇ ಮಾಡಿದ್ದು ಎರಡು ಕೆಲಸ. ಬೋರಿನ ಮೋಟಾರಿನ ಪಕ್ಕದಲ್ಲಿ ಒಂದು ಪುಸ್ತಕ ತೂಗುಹಾಕಿದೆ. ಓಡಿದ ಗಂಟೆಯನ್ನು ಮಳೆಯ ಲೆಕ್ಕದ ಜೊತೆಯಲ್ಲೇ ಬರೆಯುತ್ತೇನೆ. ರೋಬಸ್ಟಾ ಕೊಯ್ಲು ಮುಗಿದ ಮೇಲೆ ಅಜ್ಜನ ಕೆರೆಯ ಹೂಳು ತೆಗೆಸಿದೆ. ಆ ಕೆರೆಯ ಕೋಡಿ ಹರಿಯುವುದು ಕೆಳಗಿನ ತೋಟದವರ ಗದ್ದೆಗೆ. ಅವರೂ ಎರಡು ದಿನ ಆಳು ಕಳಿಸಿದರು. ಹತ್ತು ವರ್ಷದಿಂದ ಬೇಲಿಯ ವಿಚಾರಕ್ಕೆ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಸದಸ್ಯರಲ್ಲಿ ಒಂದೇ ಕೋರಿಕೆ. ಈ ಬೇಸಿಗೆಯಲ್ಲಿ ಬೋರು ಕೊರೆಸುವ ಯೋಚನೆಯಿದ್ದರೆ, ಲಾರಿಯನ್ನು ಕರೆಯುವ ಮೊದಲು ನಿಮ್ಮ ತೋಟದ ಕೆರೆಯ ಏರಿಯ ಮೇಲೆ ಒಮ್ಮೆ ನಡೆದು ಬನ್ನಿ. ಬಿಡುವಿದ್ದರೆ ವಿದುರಾಶ್ವತ್ಥದಿಂದ ನಂದಿಗೆ ಸೈಕಲ್ಲಿನಲ್ಲಿ ಹೋಗಿ ಬನ್ನಿ. ಮಂಡಿ ನೋವು ನಾಲ್ಕು ದಿನದಲ್ಲಿ ಹೋಗುತ್ತದೆ.