ನೋಬಿತಾನಿಗೆ ಎಷ್ಟು ವಯಸ್ಸು?

ಕಾರ್ಟೂನ್ ಸರಣಿಯ ಪಾತ್ರವೊಂದರ ವಯಸ್ಸು ಪತ್ತೆ ಮಾಡಲು ಮೂರು ಸಂಗತಿ ಬೇಕು. ಕಥೆಯೊಳಗೆ ಖಚಿತವಾಗಿ ಸಿಗುವ ಒಂದು ಇಸವಿ, ಅಲ್ಲಿಂದ ಹಿಂದಕ್ಕೋ ಮುಂದಕ್ಕೋ ಎಷ್ಟು ಕಾಲ ಸರಿದಿದೆ ಎಂಬ ಲೆಕ್ಕ, ಬಂದ ಉತ್ತರ ಉಳಿದ ಪಾತ್ರಗಳ ವಯಸ್ಸಿಗೆ ಹೊಂದುತ್ತದೆಯೇ ಎಂಬ ತಾಳೆ. ವೈಜ್ಞಾನಿಕ ಕಥೆಗಳ ಸರಣಿಗಳಲ್ಲಿ ಈ ಕೆಲಸ ತೊಡಕಿನದು. ಅಲ್ಲಿ ಟೈಮ್ ಮಷಿನ್ ಇರುತ್ತದೆ, ಸಾವಿರ ವರ್ಷದ ನಿದ್ದೆ ಇರುತ್ತದೆ, ಎರಡು ದಶಕ ಪ್ರಸಾರವಾದರೂ ಐದನೇ ಕ್ಲಾಸು ದಾಟದ ಹುಡುಗರಿರುತ್ತಾರೆ.

ಲೆಕ್ಕದ ರೀತಿ ಮಾತ್ರ ನಮ್ಮವರಿಗೆ ಹೊಸದಲ್ಲ. ಅಭಿಮನ್ಯುವಿನ ಆಯುಸ್ಸು 16 ವರ್ಷ ಎಂಬುದು ಮಹಾಭಾರತದ ಪರಂಪರೆಯ ಮಾತು. ಯುದ್ಧಕ್ಕೆ ಮುಂಚೆ 12 ವರ್ಷ ವನವಾಸ, 1 ವರ್ಷ ಅಜ್ಞಾತವಾಸ. ಹದಿನಾರರಲ್ಲಿ ಹದಿಮೂರು ಕಳೆದರೆ, ಪಾಂಡವರು ಕಾಡಿಗೆ ಹೊರಟಾಗ ಅವನು ಮೂರು ವರ್ಷದ ಆಸುಪಾಸಿನ ಮಗು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎರಡು ಅಂಕಿಗಳಿಂದ ಮೂರನೆಯದು ತಾನಾಗಿ ಹೊರಬಂತು. ಎಸ್.ಎಲ್. ಭೈರಪ್ಪನವರು ‘ಪರ್ವ’ದಲ್ಲಿ (1979) ವರ–ಶಾಪಗಳನ್ನು ಬದಿಗಿಟ್ಟು ಈ ಪಾತ್ರಗಳನ್ನೆಲ್ಲ ಮನುಷ್ಯರ ಆಯುಷ್ಯದ ಅಳತೆಯೊಳಗೆ ತಂದು ನಿಲ್ಲಿಸಿದಾಗ ಯಾರಿಗೆ ಎಷ್ಟು ವಯಸ್ಸಾಗಿತ್ತು ಎಂಬ ಪ್ರಶ್ನೆ ಕಾದಂಬರಿಯ ಜೀವಾಳವೇ ಆಯಿತು.

ಸರಣಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮೊದಲು ಅದರಲ್ಲಿ ಕಾಲ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕು. ಕೆಲವುಗಳಲ್ಲಿ ಕಾಲ ನಿಂತೇ ಇರುತ್ತದೆ, ಕೆಲವುಗಳಲ್ಲಿ ಮೆಟ್ಟಿಲು ಹತ್ತಿದಂತೆ ಒಮ್ಮೆಗೇ ಜಿಗಿಯುತ್ತದೆ. ನಿಂತ ಕಾಲಕ್ಕೆ ಬೆಂಗಳೂರಿನ ಮನೆಮನೆಗೂ ಗೊತ್ತಿರುವ ಉದಾಹರಣೆ ‘ಡೋರೆಮಾನ್’. ಭಾರತದ ಟಿವಿಗೆ ಇದು 2005ರಲ್ಲಿ ಹಂಗಾಮಾ ಚಾನೆಲ್ ಮೂಲಕ ಬಂತು. ಮರುವರ್ಷ ಬನಶಂಕರಿಯ ಮನೆಯೊಂದರಲ್ಲಿ ಹತ್ತರ ವಯಸ್ಸಿನಲ್ಲಿ ಇದನ್ನು ನೋಡಿದ ಹುಡುಗಿಗೆ 2026ಕ್ಕೆ ಮೂವತ್ತು. ಜಯನಗರ 4ನೇ ಬ್ಲಾಕಿನಲ್ಲಿ ಅವಳು ತನ್ನ ಮಗುವಿಗೆ ಕೊಳ್ಳುವ ಸ್ಕೂಲ್ ಬ್ಯಾಗಿನ ಮೇಲೆ ಆ ಸರಣಿಯ ನಾಯಕ ನೋಬಿತಾ ಇನ್ನೂ ಹತ್ತರ ಹುಡುಗನೇ.

ನೋಬಿತಾನ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ಫುಜಿಕೊ ಎಫ್. ಫುಜಿಯೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಹಿರೋಶಿ ಫುಜಿಮೊಟೊ (1933–1996) ಈ ಚಿತ್ರಕಥೆಯನ್ನು ಮಕ್ಕಳ ಪತ್ರಿಕೆಗಳ 1970ರ ಜನವರಿ ಸಂಚಿಕೆಗಳಲ್ಲಿ ಆರಂಭಿಸಿದರು. ಆ ಪತ್ರಿಕೆಗಳು ಜಪಾನಿನ ಶಾಲಾ ಮಕ್ಕಳಿಗೆ ತರಗತಿಗೊಂದರಂತೆ ಬರುತ್ತಿದ್ದವು. ಯಾವ ತರಗತಿಯ ಪತ್ರಿಕೆಯೋ ಆ ವಯಸ್ಸಿಗೆ ಹೊಂದುವಂತೆ ಕಥೆ ಬರೆಯಬೇಕಿತ್ತು. ಹಾಗಾಗಿ ಮೊದಲಿಂದಲೂ ನೋಬಿತಾನ ತರಗತಿ ಒಂದೇ ಆಗಿ ಉಳಿಯಲಿಲ್ಲ. ಪುಸ್ತಕಗಳಲ್ಲಿ ಅವನು ಹೆಚ್ಚಾಗಿ ನಾಲ್ಕನೇ ಕ್ಲಾಸು, ಟಿವಿಯಲ್ಲಿ ಐದನೇ ಕ್ಲಾಸು. ಇದನ್ನು ಲೇಖಕರ ಅಜಾಗ್ರತೆ ಎನ್ನುವುದು ಸರಿಯಲ್ಲ. ತಮ್ಮ ವಯಸ್ಸಿನ ಹುಡುಗನೇ ಇವನು ಎಂದು ಪ್ರತಿಯೊಂದು ಮಗುವಿಗೂ ಅನ್ನಿಸಲಿ ಎಂಬುದೇ ಅಲ್ಲಿನ ಉದ್ದೇಶ.

ಟೈಮ್ ಮಷಿನ್ ಹತ್ತಿ ನೋಬಿತಾ ತಾನು ಹುಟ್ಟಿದ ದಿನವನ್ನು ನೋಡಲು ಹೋಗುವ ಕಥೆಯೊಂದಿದೆ. ಅದರ ಪ್ರಕಾರ ಅವನ ಜನ್ಮದಿನ 1964ರ ಆಗಸ್ಟ್ 7. ಈ ತಾರೀಖನ್ನು ಹಿಡಿದರೆ 1970ರ ಜನವರಿಯ ಮೊದಲ ಕಥೆಯಲ್ಲಿ ಅವನಿಗೆ ಐದು ವರ್ಷ, ಅಂದರೆ ಶಾಲೆಗೇ ಸೇರಿರಬಾರದು. ಜಪಾನಿನ ಶಾಲಾ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಅವನು ಒಂದನೇ ಕ್ಲಾಸಿಗೆ ಸೇರುವುದು 1971ಕ್ಕೆ, ನಾಲ್ಕನೇ ಕ್ಲಾಸಿಗೆ ಬರುವುದು 1974ಕ್ಕೆ. ಮೊದಲ ಕಥೆಯ ಹುಡುಗನಿಗೂ ಈ ಜನ್ಮದಿನಕ್ಕೂ ತಾಳೆಯಾಗುವುದಿಲ್ಲ. ಕಥೆ ಮೊದಲು ಹುಟ್ಟಿತು, ತಾರೀಖು ಆಮೇಲೆ ಬಂದು ಸೇರಿಕೊಂಡಿತು ಎಂದಷ್ಟೇ ಇದರ ಅರ್ಥ. ಇಂಥ ಕಡೆ ಎರಡನ್ನೂ ಬರೆದಿಟ್ಟುಕೊಂಡು ಮುಂದೆ ಹೋಗುವುದೇ ಒಳ್ಳೆಯ ಪದ್ಧತಿ. ಬಲವಂತವಾಗಿ ಹೊಂದಿಸಲು ಹೋದರೆ ಇನ್ನೊಂದು ಕಡೆ ಲೆಕ್ಕ ಬಿಚ್ಚಿಕೊಳ್ಳುತ್ತದೆ.

ಭವಿಷ್ಯದ ತುದಿಯಲ್ಲಿ ಇನ್ನೂ ದೊಡ್ಡ ಬಿಕ್ಕಟ್ಟಿದೆ. ಡೋರೆಮಾನ್ ಎಂಬ ರೋಬೊ ಬೆಕ್ಕು ತಯಾರಾದದ್ದು 2112ರ ಸೆಪ್ಟೆಂಬರ್ 3ರಂದು. ನೋಬಿತಾನ ಬದುಕನ್ನು ತಿದ್ದಲು ಅದನ್ನು ಹಿಂದಿನ ಕಾಲಕ್ಕೆ ಕಳುಹಿಸಿದವನು ಸೇವಾಶಿ, ನೋಬಿತಾನ ಮೊಮ್ಮಗನ ಮೊಮ್ಮಗ. ಡೋರೆಮಾನ್ ಹುಟ್ಟಿನ ಬಗ್ಗೆ 1995ರಲ್ಲಿ ಬಂದ ಚಿತ್ರದಲ್ಲಿ ಸೇವಾಶಿ ಇನ್ನೂ ಕೂಸು. ಹಾಗಾಗಿ ಅವನು ಹುಟ್ಟಿದ್ದು 2110ರ ಆಸುಪಾಸು ಎಂದಿಟ್ಟುಕೊಳ್ಳಬಹುದು. 1964ರಿಂದ 2110ಕ್ಕೆ 146 ವರ್ಷ. ನಡುವೆ ನಾಲ್ಕು ತಲೆಮಾರು. ಭಾಗಿಸಿದರೆ ಒಂದು ತಲೆಮಾರಿಗೆ 36–37 ವರ್ಷ. ಮಕ್ಕಳು ತುಸು ತಡವಾಗಿ ಹುಟ್ಟಿದರು ಎನ್ನಬಹುದು, ಅಸಾಧ್ಯವೇನಲ್ಲ.

ಆದರೆ ಟಿವಿಯ ನೋಬಿತಾ 1974ರಲ್ಲೇ ನಿಂತಿಲ್ಲ. ಅವನ ಸುತ್ತಲಿನ ಮನೆ, ಬೀದಿ, ಫೋನು ಆಯಾ ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. 2024ರಲ್ಲಿ ಹತ್ತು ವರ್ಷದ ನೋಬಿತಾ ಹುಟ್ಟಿರಬೇಕಾದದ್ದು 2014ರಲ್ಲಿ. ಅಲ್ಲಿಂದ 2110ಕ್ಕೆ 96 ವರ್ಷ, ತಲೆಮಾರಿಗೆ 24. ಇದೂ ನಡೆದೀತು. ಸರಣಿ ಹೀಗೇ 2064ರವರೆಗೆ ಸಾಗಿದರೆ ಅಂತರ 56 ವರ್ಷಕ್ಕೆ ಇಳಿಯುತ್ತದೆ, ತಲೆಮಾರಿಗೆ 14 ಮಾತ್ರ. ಅಲ್ಲಿಗೆ ವಂಶಾವಳಿ ಕುಸಿಯಿತು. ಪಾತ್ರದ ವಯಸ್ಸನ್ನು ನಿಲ್ಲಿಸಿ ಭವಿಷ್ಯದ ಇಸವಿಯನ್ನೂ ನಿಲ್ಲಿಸಿದರೆ ನಡುವಿನ ಕಾಲ ವರ್ಷವರ್ಷವೂ ಸವೆಯುತ್ತದೆ. ಕಾಲ ನಿಂತ ಸರಣಿಗಳ ತೊಡಕಿನ ಮೂಲ ಇದೇ. ಆರಂಭದ ಕಥೆಗಳಲ್ಲಿ ಡೋರೆಮಾನ್ ಬಂದದ್ದು 21ನೇ ಶತಮಾನದಿಂದ ಎಂದಿತ್ತು, ಆಮೇಲೆ ಅದು 22 ಆಯಿತು. ಭವಿಷ್ಯವನ್ನು ಒಮ್ಮೆ ಮುಂದಕ್ಕೆ ತಳ್ಳಿದ್ದಾರೆ, ಇನ್ನೊಮ್ಮೆ ತಳ್ಳಬೇಕಾಗಬಹುದು.

ಇದೇ ಕಥೆಯಲ್ಲಿ ಮಕ್ಕಳು ಕೇಳುವ ಇನ್ನೊಂದು ಪ್ರಶ್ನೆಯಿದೆ. ಮೂಲ ಭವಿಷ್ಯದಲ್ಲಿ ನೋಬಿತಾ ಮದುವೆಯಾಗುವುದು ಸಹಪಾಠಿ ಜಿಯಾನ್‌ನ ತಂಗಿ ಜೈಕೊಳನ್ನು, ತಿದ್ದಿದ ಭವಿಷ್ಯದಲ್ಲಿ ಗೆಳತಿ ಶಿಜುಕಾಳನ್ನು. ಹೆಂಡತಿ ಬದಲಾದರೆ ಸೇವಾಶಿ ಹುಟ್ಟುವುದು ಹೇಗೆ? ಮೊದಲ ಕಥೆಯಲ್ಲೇ ಸೇವಾಶಿ ಉತ್ತರ ಕೊಡುತ್ತಾನೆ: ಟೋಕಿಯೊದಿಂದ ಒಸಾಕಾಗೆ ಯಾವ ವಾಹನದಲ್ಲಿ ಹೋದರೂ ದಿಕ್ಕು ಸರಿಯಿದ್ದರೆ ಒಸಾಕಾ ತಲುಪುತ್ತೇವಲ್ಲ ಎಂದು. ಮಕ್ಕಳಿಗೆ ತಿಳಿಯುವಂತೆ ಹೇಳಿದ ಚೆಂದದ ಮಾತು ಇದು. ಆದರೆ ವಂಶವಾಹಿಯ ಲೆಕ್ಕಕ್ಕೆ ಇದು ಸಾಲದು. ಸೇವಾಶಿಗೆ ನೋಬಿತಾನ ತಲೆಮಾರಿನಲ್ಲಿ 16 ಮಂದಿ ಪೂರ್ವಜರು. ಬದಲಾಗುವುದು ಅವರಲ್ಲಿ ಒಬ್ಬರೇ ಎಂಬುದು ನಿಜ, ಆದರೆ ತಾಯಿ ಬೇರೆಯಾದಾಗ ನೋಬಿತಾನ ಮಗನೇ ಬೇರೆಯವನಾಗುತ್ತಾನೆ. ಕಥೆ ಇಲ್ಲಿ ನಿಯಮವನ್ನು ತಾನೇ ಮಾಡಿಕೊಂಡಿದೆ. ಆ ನಿಯಮವನ್ನು ಮುಂದೆಯೂ ಪಾಲಿಸಿದರೆ ಸಾಕು, ಕಥೆ ಕೆಡುವುದಿಲ್ಲ.

ಕಾಲ ಜಿಗಿಯುವ ಸರಣಿಗೆ ‘ಬೆನ್ 10’ ಮಾದರಿ. 2005ರ ಡಿಸೆಂಬರ್‌ನಲ್ಲಿ ಶುರುವಾದ ಮೊದಲ ಸರಣಿಯಲ್ಲಿ ಬೆನ್‌ಗೆ 10. ಬೇಸಿಗೆ ರಜೆಯಲ್ಲಿ ತಾತ ಮ್ಯಾಕ್ಸ್‌ನ ಗಾಡಿಯಲ್ಲಿ ಊರೂರು ಸುತ್ತುತ್ತಾನೆ. ಅದು ಮುಗಿದ 2008ರ ಏಪ್ರಿಲ್‌ನಲ್ಲೇ ‘ಏಲಿಯನ್ ಫೋರ್ಸ್’ ಆರಂಭವಾಯಿತು, ಬೆನ್‌ಗೆ ಒಮ್ಮೆಗೇ 15. ನೋಡುವವರಿಗೆ ಅದೇ ತಿಂಗಳು, ಕಥೆಯೊಳಗೆ ಐದು ವರ್ಷ. 2010ರ ‘ಅಲ್ಟಿಮೇಟ್ ಏಲಿಯನ್’ನಲ್ಲಿ 16. 2012ರ ‘ಓಮ್ನಿವರ್ಸ್’ನಲ್ಲಿಯೂ 16, ನಡುನಡುವೆ 11ರ ವಯಸ್ಸಿನ ನೆನಪುಗಳು. ಪ್ರಸಾರದ ಇಸವಿಯಿಂದ ವಯಸ್ಸು ತೆಗೆಯಲು ಹೊರಟರೆ ಇಲ್ಲಿ ಪ್ರತಿ ಸಲವೂ ತಪ್ಪು ಉತ್ತರ ಬರುತ್ತದೆ. ಅದೇ ಸರಣಿಯ ಇನ್ನೊಬ್ಬ ಹುಡುಗ ಕೆವಿನ್ ಇಲ್ಲಿ ಒಳ್ಳೆಯ ಅಳತೆಗೋಲು: ಮೊದಲ ಸರಣಿಯಲ್ಲಿ ಅವನಿಗೆ 11, ಐದು ವರ್ಷದ ನಂತರ 16. ಇಬ್ಬರ ನಡುವಿನ ಒಂದು ವರ್ಷದ ಅಂತರ ಹಾಗೆಯೇ ಉಳಿದಿದೆ, ಲೆಕ್ಕ ಸರಿ. 2016ರಲ್ಲಿ ಬಂದ ಹೊಸ ‘ಬೆನ್ 10’ ಮತ್ತೆ ಹತ್ತರಿಂದಲೇ ಶುರುವಾಗುವ ಬೇರೆ ಕಥೆ. ಅದನ್ನು ಹಳೆಯದರ ಜೊತೆ ಕೂಡಿಸಬಾರದು.

ಕೆಲವು ಸರಣಿಗಳಲ್ಲಿ ಒಬ್ಬನಿಗೇ ಎರಡು ವಯಸ್ಸು. ‘ಫ್ಯೂಚುರಾಮಾ’ದ ಫ್ರೈ ಹುಟ್ಟಿದ್ದು 1974ರಲ್ಲಿ. 1999ರ ಡಿಸೆಂಬರ್ 31ರಂದು ಹೆಪ್ಪುಗಟ್ಟಿ 2999ರ ಕೊನೆಯಲ್ಲಿ ಕಣ್ಣು ಬಿಡುತ್ತಾನೆ. ಕ್ಯಾಲೆಂಡರಿನ ಪ್ರಕಾರ 1025 ವರ್ಷ, ಮೈಗೆ 25. ಜಪಾನಿನ ‘ಗನ್‌ಬಸ್ಟರ್’ನಲ್ಲಿ (1988) ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಹಾರಿದ ನೊರಿಕೊ ಹುಡುಗಿಯಾಗಿಯೇ ಉಳಿಯುತ್ತಾಳೆ, ಭೂಮಿಯಲ್ಲಿದ್ದ ಗೆಳತಿ ಕಿಮಿಕೊ ಮದುವೆಯಾಗಿ ತಾಯಿಯಾಗಿರುತ್ತಾಳೆ. ಐನ್‌ಸ್ಟೈನ್‌ನ ಸಾಪೇಕ್ಷತಾ ಸಿದ್ಧಾಂತ ಹೇಳುವುದೂ ಇದನ್ನೇ. ಭಾಗವತದ ಕಕುದ್ಮಿ ರಾಜ ಮಗಳು ರೇವತಿಯೊಂದಿಗೆ ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದಿದ್ದವು. ಆಮೇಲೆ ರೇವತಿ ಬಲರಾಮನ ಕೈಹಿಡಿದಳು. ಇಂಥ ಪಾತ್ರಗಳಿಗೆ ಕ್ಯಾಲೆಂಡರಿನ ವಯಸ್ಸು, ದೇಹದ ವಯಸ್ಸು ಎಂದು ಎರಡು ಅಂಕಣ ಮಾಡಿಕೊಳ್ಳದೆ ವಿಧಿಯಿಲ್ಲ.

ಕಥೆಯ ಭವಿಷ್ಯ ನಿಜವಾದ ಕಾಲದ ಹಿಂದೆ ಬಿದ್ದುಹೋಗುವುದೂ ಉಂಟು. ಒಸಾಮು ತೆಜುಕಾ 1952ರಲ್ಲಿ ಶುರುಮಾಡಿದ ಬಾಲ ರೋಬೊ ‘ಆಸ್ಟ್ರೋ ಬಾಯ್’ನ ಹುಟ್ಟು 2003ರ ಏಪ್ರಿಲ್ 7 ಎಂದಿತ್ತು. ಆ ದಿನ ಬಂದಾಗ ಜಪಾನಿನ ನೀಜಾ ನಗರ ಅವನನ್ನು ತನ್ನ ನಿವಾಸಿಯಾಗಿ ನೋಂದಾಯಿಸಿ ಗೌರವಿಸಿತು.

ಕಥೆ ಬರೆಯುವವರು ಇದನ್ನೆಲ್ಲ ನೆನಪಿನಲ್ಲೇ ಇಟ್ಟುಕೊಳ್ಳುವುದಿಲ್ಲ. ಪಾತ್ರಗಳ ಜನ್ಮದಿನ, ಸಂಬಂಧ, ನಡೆದ ಘಟನೆಗಳನ್ನು ‘ಸೀರೀಸ್ ಬೈಬಲ್’ ಎಂಬ ಕೈಪಿಡಿಯಲ್ಲಿ ದಾಖಲಿಸುತ್ತಾರೆ. ಚಿತ್ರಕಾರರಿಗೆ ‘ಮಾಡೆಲ್ ಶೀಟ್’ ಇರುತ್ತದೆ: ಪಾತ್ರ ಎಷ್ಟು ತಲೆಯ ಎತ್ತರ, ಯಾವ ಜಾಕೆಟ್, ಗಾಯದ ಗುರುತು ಎಡಗೆನ್ನೆಯಲ್ಲೋ ಬಲಗೆನ್ನೆಯಲ್ಲೋ. ಚಿಕ್ಕ ಮಕ್ಕಳಿಗೆ ತಲೆ ದೊಡ್ಡದು, ದೊಡ್ಡವರಿಗೆ ಮೈ ಉದ್ದ. ಹತ್ತರ ಬೆನ್ ಹದಿನೈದಕ್ಕೆ ಬಂದಾಗ ಈ ಹಾಳೆಯನ್ನೇ ಹೊಸದಾಗಿ ಬರೆಯಬೇಕು. 2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ ಪ್ರತ್ಯೇಕ ನೀತಿ ತಂದ ಕರ್ನಾಟಕದಲ್ಲಿ, ಬೆಂಗಳೂರಿನ ಸ್ಟುಡಿಯೊಗಳು ವಿದೇಶದ ಸರಣಿಗಳಿಗೂ ಕೆಲಸ ಮಾಡಿಕೊಟ್ಟಿವೆ. ದೃಶ್ಯಗಳು ಕಥೆಯ ಕ್ರಮದಲ್ಲಿ ತಯಾರಾಗದಿರುವಾಗ ಪಾತ್ರದ ವಯಸ್ಸು ತಪ್ಪದಂತೆ ಕಾಯುವುದು ಈ ಹಾಳೆಗಳೇ.

ನೋಡುಗರ ಕಡೆಯಿಂದ ಲೆಕ್ಕ ಹಾಕುವಾಗ ಸಾಕ್ಷ್ಯಗಳ ಬೆಲೆ ಒಂದೇ ಅಲ್ಲ. ಪರದೆಯ ಮೇಲೆ ಕಾಣುವ ಕ್ಯಾಲೆಂಡರಿಗೆ ಮೊದಲ ಸ್ಥಾನ, ಪಾತ್ರದ ಮಾತಿಗೆ ಆಮೇಲಿನದು, ಆಟಿಕೆಯ ಡಬ್ಬಿಯ ಮೇಲಿನ ವಿವರಕ್ಕೆ ಕೊನೆಯದು. ಡಬ್ಬಿಂಗಿನಲ್ಲಿ ಎಚ್ಚರ ಹೆಚ್ಚು ಬೇಕು. 2009ರಲ್ಲಿ ಚಿಂಟು ಟಿವಿ ಬಂದ ಮೇಲೆ ಮಕ್ಕಳಿಗೆ ಕನ್ನಡದಲ್ಲೇ ಕಾರ್ಟೂನುಗಳು ಸಿಕ್ಕವು, ಆದರೆ ಬಿಟಿಎಂ ಲೇಔಟಿನಂಥ ಬಡಾವಣೆಯಲ್ಲಿ ಒಂದೇ ಕಟ್ಟಡದ ಮಕ್ಕಳು ಹಿಂದಿ, ತಮಿಳು, ತೆಲುಗು, ಇಂಗ್ಲಿಷ್ ಎಂದು ಬೇರೆ ಬೇರೆ ಭಾಷೆಯಲ್ಲಿ ನೋಡಿರುತ್ತಾರೆ. ಅನುವಾದದಲ್ಲಿ ತರಗತಿ, ವಯಸ್ಸು, ಹೆಸರು ಬದಲಾಗಬಹುದು. ಕಂತುಗಳೂ ಹಿಂದುಮುಂದಾಗಿ ಬರುತ್ತವೆ. ಡೋರೆಮಾನ್‌ನದೇ 1979ರ ಸರಣಿ ಬೇರೆ, ಹೊಸ ದನಿಗಳೊಂದಿಗೆ 2005ರಲ್ಲಿ ಜಪಾನಿನಲ್ಲಿ ಶುರುವಾದದ್ದು ಬೇರೆ. ಒಂದರ ಸುಳಿವನ್ನು ಇನ್ನೊಂದಕ್ಕೆ ಅನ್ವಯಿಸಬಾರದು. ಸುಳಿವು ಸಾಲದಿದ್ದಾಗ ಒಂದೇ ಅಂಕಿ ಹೇಳುವ ಬದಲು ‘9ರಿಂದ 11’ ಎಂದು ವ್ಯಾಪ್ತಿ ಬರೆದು, ಅದು ಯಾವ ಸರಣಿಯ ಯಾವ ಕಂತಿನಿಂದ ಬಂತು ಎಂದು ಪಕ್ಕದಲ್ಲೇ ಗುರುತು ಹಾಕಬೇಕು.