ಪಾದ್ರಿ ಗೀಟು ಹಾಕಿದ ಸಾಲು

1931ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಪತ್ರ ಅಚ್ಚಾಯಿತು. ವಿಶ್ವದ ಎಲ್ಲ ದ್ರವ್ಯವೂ ಮೊದಲಿಗೆ ಒಂದೇ ಒಂದು ಕಣದಲ್ಲಿ ಅಡಗಿತ್ತು, ಅದು ಒಡೆದು ಒಡೆದು ಈ ಜಗತ್ತಾಯಿತು ಎಂಬುದು ಅದರ ಸಾರ. ಬರೆದವರು ಬೆಲ್ಜಿಯಂ ದೇಶದ ಕ್ಯಾಥೊಲಿಕ್ ಪಾದ್ರಿ ಜಾರ್ಜ್ ಲೆಮೈತ್ರ್.

ಆ ಪತ್ರದ ಬೆರಳಚ್ಚು ಪ್ರತಿ ಇಂದಿಗೂ ಉಳಿದಿದೆ. ಅದರ ಕೊನೆಯಲ್ಲಿ ದೇವರ ಮಾತು ಬರುತ್ತದೆ. ದೇವರು ಮರೆಯಲ್ಲೇ ಇರುವವನು, ಸೃಷ್ಟಿಯನ್ನು ಮರೆಮಾಡುವ ತೆರೆಯೊಂದನ್ನು ಭೌತವಿಜ್ಞಾನವೂ ಒದಗಿಸುತ್ತಿದೆ, ಆಸ್ತಿಕರು ಇದಕ್ಕೆ ಸಂತೋಷಪಡಬಹುದು ಎಂಬ ಅರ್ಥದ ಸಾಲು. ಲೆಮೈತ್ರ್ ಅದರ ಮೇಲೆ ಗೀಟು ಎಳೆದರು. ಅಚ್ಚಾದ ಪತ್ರದಲ್ಲಿ ಅದಿಲ್ಲ.

ಎರಡು ದೀಕ್ಷೆ

1894ರಲ್ಲಿ ಹುಟ್ಟಿದ ಲೆಮೈತ್ರ್ ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ಹೋರಾಡಿ ಬಂದವರು. 1923ರಲ್ಲಿ ಗುರುದೀಕ್ಷೆ ಪಡೆದರು. ಅದೇ ವರ್ಷ ಕೇಂಬ್ರಿಜ್‌ಗೆ ಹೋಗಿ ಆರ್ಥರ್ ಎಡಿಂಗ್ಟನ್ ಬಳಿ ಖಗೋಳವಿಜ್ಞಾನ ಕಲಿತರು. ದೂರದ ಗೆಲಾಕ್ಸಿಗಳ ಬೆಳಕು ಕೆಂಪಿನ ಕಡೆಗೆ ಸರಿದಿರುವುದೇಕೆ? ವಿಶ್ವವೇ ಹಿಗ್ಗುತ್ತಿದೆ ಎಂದು 1927ರಲ್ಲಿ ಐನ್‌ಸ್ಟೈನ್ ಸಮೀಕರಣಗಳಿಂದಲೇ ಅವರು ತೋರಿಸಿದರು. ಗೆಲಾಕ್ಸಿಗಳು ದೂರ ಸರಿಯುವ ಬಗ್ಗೆ ಖಗೋಳವಿಜ್ಞಾನಿ ಹಬಲ್ ಅವರ ಪ್ರಸಿದ್ಧ ಪ್ರಬಂಧ ಬಂದದ್ದು ಅದಕ್ಕೆ ಎರಡು ವರ್ಷದ ನಂತರ. ಐನ್‌ಸ್ಟೈನ್ ಮಾತ್ರ ಆಗ ಒಪ್ಪಲಿಲ್ಲ. ಲೆಕ್ಕ ಸರಿಯಿದೆ, ಭೌತವಿಜ್ಞಾನ ಸರಿಯಿಲ್ಲ ಎಂದು ಮುಖಕ್ಕೇ ಹೇಳಿದರು.

ಪೋಪ್ ಭಾಷಣ

1951ರಲ್ಲಿ ಪೋಪ್ 12ನೇ ಪಯಸ್ ತಮ್ಮ ಭಾಷಣವೊಂದರಲ್ಲಿ ಹೊಸ ವಿಜ್ಞಾನವು ಸೃಷ್ಟಿಯ ನಂಬಿಕೆಗೆ ಬೆಂಬಲವಾಗಿ ನಿಂತಿದೆ ಎಂದು ಹರ್ಷಪಟ್ಟರು. ಬೇರೆ ಯಾರೇ ಆಗಿದ್ದರೂ ಹಿಗ್ಗುತ್ತಿದ್ದರೇನೋ. ಲೆಮೈತ್ರ್ ಕಳವಳಗೊಂಡರು. ವಿಜ್ಞಾನದ ಸಿದ್ಧಾಂತ ಇಂದು ನಿಂತು ನಾಳೆ ಬೀಳಬಹುದು. ಅದಕ್ಕೆ ನಂಬಿಕೆಯನ್ನು ಕಟ್ಟಿಹಾಕಿದರೆ ಎರಡಕ್ಕೂ ಅಪಾಯ. ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರೊಡನೆ ಅವರು ಈ ವಿಷಯ ಚರ್ಚಿಸಿದರು. ಮರುವರ್ಷ ರೋಮ್‌ನಲ್ಲಿ ಖಗೋಳವಿಜ್ಞಾನಿಗಳ ಸಮ್ಮೇಳನ ನಡೆದಾಗ ಪೋಪ್ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಲೆಮೈತ್ರ್ ದೃಷ್ಟಿಯಲ್ಲಿ ಆರಂಭ ಬೇರೆ, ಸೃಷ್ಟಿ ಬೇರೆ. ಮೊದಲ ಸ್ಥಿತಿ ಹೇಗಿತ್ತು, ಅದರಿಂದ ಜಗತ್ತು ಹೇಗೆ ಬಿಚ್ಚಿಕೊಂಡಿತು ಎಂಬುದು ಆರಂಭದ ಪ್ರಶ್ನೆ. ಅದನ್ನು ಲೆಕ್ಕ ಹಾಕಿ, ದೂರದರ್ಶಕ ಹಿಡಿದು ಪರೀಕ್ಷಿಸಬಹುದು. ಏನೂ ಇಲ್ಲದಿರುವ ಬದಲು ಏನೋ ಒಂದು ಇದೆಯಲ್ಲ, ಏಕೆ ಎಂಬುದು ಸೃಷ್ಟಿಯ ಪ್ರಶ್ನೆ. ಅದಕ್ಕೆ ಯಾವ ದೂರದರ್ಶಕವೂ ಎಟುಕದು. ತಮ್ಮ ಸಿದ್ಧಾಂತವನ್ನು ಒಪ್ಪಿಯೂ ನಾಸ್ತಿಕನು ನಾಸ್ತಿಕನಾಗಿಯೇ ಇರಬಹುದು ಎಂದು 1958ರಲ್ಲಿ ಅವರು ಸ್ಪಷ್ಟವಾಗಿ ಹೇಳಿದರು. ತನ್ನ ಶೋಧವನ್ನು ತನ್ನ ದೇವರ ಪರ ವಕಾಲತ್ತಿಗೆ ನಿಲ್ಲಿಸದ ಈ ಪ್ರಾಮಾಣಿಕತೆ ದೊಡ್ಡದು. ಗೀಟು ಬಿದ್ದ ಆ ಸಾಲನ್ನು ನಂಬಿಕೆ ಕುಂದಿದ ಗುರುತೆಂದು ಓದಬಾರದು. ಅಳಿಸಿದ ಕೈ ಕೊನೆಯವರೆಗೂ ಪಾದ್ರಿಯ ಕೈಯಾಗಿಯೇ ಉಳಿಯಿತು.

1966ರ ಜೂನ್ 20ರಂದು ಲೆಮೈತ್ರ್ ತೀರಿಕೊಂಡರು. ಅದಕ್ಕೆ ಮುಂಚೆ, ಆಸ್ಪತ್ರೆಯಲ್ಲಿದ್ದ ಅವರಿಗೆ ಸಹೋದ್ಯೋಗಿಯೊಬ್ಬರು ಸುದ್ದಿ ತಂದರು: ವಿಶ್ವದ ಆರಂಭದ, ಅಂದರೆ ಮಹಾಸ್ಫೋಟದ, ಕಾವಿನ ಕುರುಹು ಆಕಾಶದ ಎಲ್ಲ ದಿಕ್ಕುಗಳಿಂದಲೂ ಸಿಕ್ಕಿದೆ. ದೇವರನ್ನು ನಂಬಲು ಅವರು ಇಂಥ ಪುರಾವೆ ಕೇಳಿರಲಿಲ್ಲ. ಸಿದ್ಧಾಂತಕ್ಕಾಗಿ ಮಾತ್ರ ಮೂವತ್ತಕ್ಕೂ ಹೆಚ್ಚು ವರ್ಷ ಕಾದಿದ್ದರು.